ಹೊಸ ಆಪರೇಟಿಂಗ್ ಸಿಸ್ಟಮ್‌ಗಳಿಗೆ ಜನವೂ ಸಿಗಲ್ಲ, ಹಣವೂ ಸಿಗಲ್ಲ: ಕಾರಣ ಏನು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನು ಮೈಕ್ರೋಸಾಫ್ಟ್ ಇಟ್ಟಿತು, ಆದರೆ ಅದು ಮುಂದೂಡಿಕೆ ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಇಂಟೆಲ್ ಆಗಿದ್ದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ವರ್ಕ್‌ಶಾಪ್‌ಗಳಲ್ಲಿ ಸಿಎನ್‌ಸಿ (ಕಂಪ್ಯೂಟರ್ ಆದೇಶದಂತೆ ಲೋಹ ಕೊರೆಯುವ) ಯಂತ್ರಕ್ಕೆ ಪ್ರೋಗ್ರಾಂ ಕಳಿಸಲೆಂದೇ ಇಟ್ಟ ಹಳೇ ಕಂಪ್ಯೂಟರ್‌ಗಳಿವೆ. ಗಲ್ಲಿಗಳಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಗಳಿವೆ. ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರಗಳಿವೆ. ಇಂಥ ಕಡೆ ಚೆನ್ನಾಗಿಯೇ ಓಡುತ್ತಿರುವ ಕಂಪ್ಯೂಟರ್ ಕೂಡ ಒಮ್ಮೆಲೇ ‘ಹಳೆಯದು’ ಆಗಿಬಿಡುತ್ತದೆ.

ವಿಂಡೋಸ್ ಥರ ಕಂಪ್ಯೂಟರನ್ನೋ ಫೋನನ್ನೋ ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್, ಚಿಕ್ಕದಾಗಿ ಓಎಸ್. ಇದೇ ಹೊತ್ತಿಗೆ ಹೊಸ ಓಎಸ್‌ಗಳ ಸುದ್ದಿಯೂ ಬರುತ್ತಿರುತ್ತದೆ. ರಸ್ಟ್ ಭಾಷೆಯಲ್ಲಿ ಬರೆದ ರೆಡಾಕ್ಸ್ ಇದೆಯಂತೆ, ಹೈಕು ಇದೆಯಂತೆ, ಗೂಗಲ್‌ನ ಫ್ಯೂಷಿಯಾ ಇದೆಯಂತೆ, ನಮ್ಮದೇ ಭಾರ್‌ಓಎಸ್ ಇದೆಯಂತೆ. ಎಷ್ಟೋ ಉಚಿತ, ಕೋಡ್ ಕೂಡ ಮುಕ್ತ, ಅಂದರೆ ಯಾರು ಬೇಕಾದರೂ ನೋಡಿ ಬದಲಿಸಬಹುದು. ಹಾಗಾದರೆ ನಮ್ಮ ಟೇಬಲ್ ಮೇಲೆ ಒಂದೂ ಯಾಕೆ ಬರುತ್ತಿಲ್ಲ? ದೊಡ್ಡ ಕಂಪನಿಗಳ ಪಿತೂರಿಯಾ? ಅಥವಾ ಅವು ಚೆನ್ನಾಗಿಲ್ಲವಾ?

ಎರಡೂ ಪೂರ್ತಿ ಉತ್ತರವಲ್ಲ. ಓಎಸ್ ಬರೆಯುವ ಬುದ್ಧಿವಂತರಿಗೆ ಕೊರತೆ ಯಾವತ್ತೂ ಇರಲಿಲ್ಲ. ಬರೆದ ಮೇಲೆ ಅದರ ಸುತ್ತ ವರ್ಷಗಟ್ಟಲೆ ಮಾಡಬೇಕಾದ ಬೇಸರದ ಕೆಲಸ ಒಂದಿದೆ. ಆ ಕೆಲಸಕ್ಕೆ ಯಾರೂ ಹಣ ಕೊಡುತ್ತಿಲ್ಲ. ಹೊಸ ಓಎಸ್‌ಗಳು ಸೋಲುವುದು ಅಲ್ಲಿ.

ಯಾವುದು ನಿಜವಾಗಿ ಹೊಸದು

ಸುದ್ದಿಯಲ್ಲಿ ‘ಹೊಸ ಓಎಸ್’ ಅಂತ ಬರುವುದೆಲ್ಲ ಹೊಸದಲ್ಲ. 2023ರ ಜನವರಿಯಲ್ಲಿ ಐಐಟಿ ಮದ್ರಾಸ್‌ನ ಆಶ್ರಯದಲ್ಲಿ ಹೊರಬಂದ ಭಾರ್‌ಓಎಸ್ ನಿಂತಿರುವುದು ಆಂಡ್ರಾಯ್ಡ್‌ನ ಮುಕ್ತ ಕೋಡ್ ಮೇಲೆ. ಅದೇ ವರ್ಷ ರಕ್ಷಣಾ ಸಚಿವಾಲಯದ ಕಂಪ್ಯೂಟರ್‌ಗಳಿಗಾಗಿ ಸುದ್ದಿಯಾದ ಮಾಯಾ, ಲಿನಕ್ಸ್ ಅನ್ನೋ ಉಚಿತ, ಮುಕ್ತ ಓಎಸ್‌ನ ಉಬುಂಟು ರೂಪದಿಂದ ಕಟ್ಟಿದ್ದು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಬಾಸ್, ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್‌ನಿಂದ ಬಂದದ್ದು. ಇದರಿಂದ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ. ಲಿನಕ್ಸ್‌ನ ಮೂವತ್ತು ವರ್ಷದ ದುಡಿಮೆ ಅವುಗಳ ಬೆನ್ನಿಗಿರುವುದರಿಂದಲೇ ವೈಫೈ, ಪ್ರಿಂಟರ್, ಬ್ರೌಸರ್ ಮೊದಲ ದಿನದಿಂದ ಕೆಲಸ ಮಾಡುತ್ತವೆ.

ಪ್ರಾಯೋಗಿಕ ಓಎಸ್ ಅಂದರೆ ಬೇರೆ. ಯಂತ್ರದ ಮೆಮೊರಿ, ಪ್ರೊಸೆಸರ್, ಡಿಸ್ಕ್ ಎಲ್ಲವನ್ನೂ ಹಂಚಿಕೊಡುವ ಒಳಗಿನ ಭಾಗಕ್ಕೆ ಕರ್ನಲ್ ಅನ್ನುತ್ತಾರೆ. ಆ ಕರ್ನಲ್‌ನಿಂದಲೇ ಹೊಸದಾಗಿ ಶುರುಮಾಡುವುದು, ‘ಇಲ್ಲಿಯವರೆಗೆ ಮಾಡಿದ ರೀತಿಯೇ ಸರಿಯಾ’ ಅಂತ ಕೇಳುವುದು ಇವುಗಳ ಕೆಲಸ. ಬೆಲ್ ಲ್ಯಾಬ್ಸ್‌ನ ಪ್ಲಾನ್ 9, 1990ರಲ್ಲಿ ಶುರುವಾದ ಗ್ನೂ ಹರ್ಡ್, ಆಸ್ಟ್ರೇಲಿಯಾದ ಎಸ್‌ಇಎಲ್4, 2015ರ ರೆಡಾಕ್ಸ್, 2018ರ ಸೆರೆನಿಟಿ ಈ ಸಾಲಿಗೆ ಸೇರುತ್ತವೆ. ಬಿಓಎಸ್ ಅನ್ನೋ ಹಳೇ ವ್ಯವಸ್ಥೆಯನ್ನು ಮತ್ತೆ ಕಟ್ಟಲು 2001ರಲ್ಲಿ ಹೊರಟ ಹೈಕುವನ್ನೂ ಇಲ್ಲೇ ಇಡಬಹುದು.

ಒಂದು ಗ್ರಾಮ ಒನ್ ಟೇಬಲ್

ಸಣ್ಣ ಕರ್ನಲ್ ಒಂದನ್ನು ಜಾಣ ವಿದ್ಯಾರ್ಥಿಯೊಬ್ಬ ಒಂದೆರಡು ವರ್ಷದಲ್ಲಿ ಬರೆಯಬಹುದು. ಪರದೆ ಮೇಲೆ ಅಕ್ಷರ ಮೂಡುತ್ತದೆ, ಕೀಬೋರ್ಡ್ ಕೆಲಸ ಮಾಡುತ್ತದೆ, ಎರಡು ಪ್ರೋಗ್ರಾಂ ಒಟ್ಟಿಗೆ ಓಡುತ್ತವೆ. ಅದು ನಿಜವಾದ ಸಾಧನೆ. ಆದರೆ ಅಲ್ಲಿಂದ ಮುಂದೆ ಏನು ಬೇಕು ಅನ್ನೋದಕ್ಕೆ ಗ್ರಾಮ ಒನ್ ಕೇಂದ್ರದ ಟೇಬಲ್ ನೋಡಿದರೆ ಸಾಕು. ಒಂದು ಕಂಪ್ಯೂಟರ್, ಪ್ರಿಂಟರ್, ಸ್ಕ್ಯಾನರ್, ವೆಬ್‌ಕ್ಯಾಮ್, ಬೆರಳಚ್ಚು ಯಂತ್ರ, ಇಂಟರ್ನೆಟ್ ಡಾಂಗಲ್. ಒಂದೊಂದಕ್ಕೂ ಒಂದೊಂದು ಡ್ರೈವರ್ ಬೇಕು. ಡ್ರೈವರ್ ಅಂದರೆ ಆ ಯಂತ್ರದ ಭಾಷೆ ಗೊತ್ತಿರುವ ಸಣ್ಣ ತಂತ್ರಾಂಶ. ಆ ಭಾಷೆ ಏನು ಅಂತ ತಯಾರಕರು ಎಷ್ಟೋ ಸಲ ಹೊರಗೆ ಹೇಳುವುದೇ ಇಲ್ಲ. ಹೇಳಿದರೂ ಗುಟ್ಟು ಬಿಡುವುದಿಲ್ಲ ಅನ್ನೋ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಗಾಗಿ ಬರೆಯುವವರು ಯಂತ್ರವನ್ನು ಗಮನಿಸಿ, ಊಹಿಸಿ, ತಪ್ಪು ಮಾಡಿ ಕಲಿಯಬೇಕು.

ಲಿನಕ್ಸ್ ಕರ್ನಲ್ ಈಗ 3 ಕೋಟಿ ಸಾಲು ದಾಟಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ. ಈ ರಾಶಿ ಬೆಳೆದದ್ದು ಸ್ವಯಂಸೇವಕರಿಂದ ಮಾತ್ರ ಅಲ್ಲ. ಚಿಪ್ ಮಾಡುವ ಕಂಪನಿಗಳು ತಮ್ಮದೇ ಸಂಬಳದ ಎಂಜಿನಿಯರ್‌ಗಳಿಂದ ಬರೆಸುತ್ತವೆ. ಲಿನಕ್ಸ್‌ನಲ್ಲಿ ಓಡದ ಚಿಪ್ಪನ್ನು ಸರ್ವರ್ ಮಾರುಕಟ್ಟೆಯಲ್ಲಿ ಮಾರುವುದು ಕಷ್ಟ, ಅದಕ್ಕೇ. ಹೊಸ ಓಎಸ್‌ಗಾಗಿ ಆ ಖರ್ಚು ಮಾಡಲು ಅವರಿಗೆ ಕಾರಣವೇ ಇಲ್ಲ. ಹೈಕು ತಂಡ ಜಾಣತನದಿಂದ ಬಿಎಸ್‌ಡಿ ಅನ್ನೋ ಇನ್ನೊಂದು ಮುಕ್ತ ಓಎಸ್ ಕುಟುಂಬದ ನೆಟ್‌ವರ್ಕ್ ಡ್ರೈವರ್‌ಗಳನ್ನು ಒಂದು ಹೊಂದಾಣಿಕೆ ಪದರದ ಮೂಲಕ ಬಳಸಿಕೊಂಡಿದೆ. ಎಷ್ಟೋ ಹೊಸ ಓಎಸ್‌ಗಳು ಬಹುಕಾಲ ಕ್ಯೂಎಮು ಥರದ ವರ್ಚುವಲ್ ಯಂತ್ರದೊಳಗೇ, ಅಂದರೆ ತಂತ್ರಾಂಶವೇ ನಟಿಸುವ ಕಂಪ್ಯೂಟರಿನೊಳಗೇ ಉಳಿಯುತ್ತವೆ. ಅಲ್ಲಿ ಯಂತ್ರಾಂಶದ ವಿವರ ಪೂರ್ತಿ ಗೊತ್ತಿರುತ್ತದೆ, ಡ್ರೈವರ್ ಸುಲಭ.

ಬೆರಳಚ್ಚು ಯಂತ್ರದ ವಿಷಯ ಇನ್ನೂ ಗಟ್ಟಿ. ಆಧಾರ್ ದೃಢೀಕರಣಕ್ಕೆ ಬರೀ ಡ್ರೈವರ್ ಸಾಲುವುದಿಲ್ಲ. ನೋಂದಾಯಿತ ಸಾಧನದ ಜೊತೆ ಅದರ ಆರ್‌ಡಿ ಸರ್ವಿಸ್ ಅನ್ನೋ ತಂತ್ರಾಂಶವೂ ಇರಬೇಕು. ಬೆರಳಚ್ಚನ್ನು ಗೂಢಲಿಪಿಗೆ ಇಳಿಸಿ, ಸಹಿ ಹಾಕಿ ಕಳಿಸುವುದು ಅದೇ. ಅದನ್ನು ಕೊಡುವವರು ಪ್ರಮಾಣಪತ್ರ ಪಡೆದಿರಬೇಕು. ಅವರು ವಿಂಡೋಸ್ ಮತ್ತು ಆಂಡ್ರಾಯ್ಡ್ ಮೇಲೆ ಗಮನ ಇಟ್ಟಿರುತ್ತಾರೆ, ಗಿರಾಕಿ ಅಲ್ಲಿದ್ದಾರೆ. ಹೊಸ ಓಎಸ್‌ನ ಡೆವಲಪರ್ ರಾತ್ರಿಯೆಲ್ಲ ಕೂತು ಬೆರಳಚ್ಚು ಓದುವ ಡ್ರೈವರ್ ಬರೆದನೆಂದೇ ಇಟ್ಟುಕೊಳ್ಳಿ. ಆ ಕಂಪ್ಯೂಟರ್‌ನಿಂದ ಒಂದು ಆಧಾರ್ ದೃಢೀಕರಣವೂ ಆಗುವುದಿಲ್ಲ. ಇಲ್ಲಿ ತಡೆ ಇರುವುದು ಕೋಡ್‌ನಲ್ಲಿ ಅಲ್ಲ, ಒಪ್ಪಿಗೆಯಲ್ಲಿ. ಫೋನ್‌ಗಳಲ್ಲೂ ಹೀಗೇ. ಗೂಗಲ್‌ನ ಪ್ರಮಾಣೀಕರಣ ಇಲ್ಲದ ಫೋನ್‌ನಲ್ಲಿ ಓಡಲು ಹಲವು ಬ್ಯಾಂಕ್ ಆ್ಯಪ್‌ಗಳು ಒಪ್ಪುವುದಿಲ್ಲ. ಯುಪಿಐ ಇಲ್ಲದ ಫೋನನ್ನು ಇವತ್ತು ರವಿವಾರ ಪೇಟೆಗೆ ಯಾರು ತೆಗೆದುಕೊಂಡು ಹೋಗುತ್ತಾರೆ ಹೇಳಿ?

‘ಅರ್ಜಿ’ ಅಂತ ತೋರಿಸಲು ಏನೇನು ಬೇಕು

ಡ್ರೈವರ್ ಎಲ್ಲ ಸಿಕ್ಕಿತು ಅಂದುಕೊಳ್ಳೋಣ. ಈಗ ಪರದೆ ಮೇಲೆ ಕನ್ನಡ ಕಾಣಬೇಕು. ಇದನ್ನು ಹೊರಗಿನ ಡೆವಲಪರ್‌ಗಳು ಮರೆಯುವುದು ಜಾಸ್ತಿ. ನಮಗೆ ಇದೇ ಮೊದಲನೇ ಪರೀಕ್ಷೆ.

‘ಅರ್ಜಿ’ ಅನ್ನೋ ಪದ ಕಂಪ್ಯೂಟರಿನೊಳಗೆ ಐದು ಸಂಕೇತಗಳ ಸಾಲು: ಅ, ರ, ಅದರ ಸ್ವರ ತೆಗೆಯುವ ಹಲಂತ ಚಿಹ್ನೆ, ಜ, ಇಕಾರದ ಗುಡಿಸು. ಇವನ್ನು ಇದ್ದ ಕ್ರಮದಲ್ಲೇ ಪಕ್ಕಪಕ್ಕ ಇಟ್ಟರೆ ನಾವು ಓದುವ ರೂಪ ಬರುವುದಿಲ್ಲ. ‘ಜ’ಗೆ ಗುಡಿಸು ಕೂಡಿ ‘ಜಿ’ ಆಗಬೇಕು. ಮೊದಲು ಟೈಪ್ ಮಾಡಿದ ‘ರ್’ ತನ್ನ ಆಕಾರ ಬಿಟ್ಟು ಅರ್ಕಾವೊತ್ತಾಗಿ ‘ಜಿ’ಯ ಬಲಕ್ಕೆ ಹೋಗಿ ಕೂರಬೇಕು. ‘ಕಿತ್ತೂರು’ ಅಂದರೆ ಎಂಟು ಸಂಕೇತ. ಅದರಲ್ಲಿ ಎರಡನೇ ‘ತ’ ಒತ್ತಾಗಿ ಕೆಳಗಿಳಿಯಬೇಕು. ಫಾಂಟ್ ಫೈಲ್ ತಂದು ಹಾಕಿದರೆ ಇದೆಲ್ಲ ತಾನಾಗಿ ಆಗುವುದಿಲ್ಲ. ಫಾಂಟಿನೊಳಗಿನ ನಿಯಮಗಳನ್ನು ಓದಿ ಅಕ್ಷರ ಜೋಡಿಸುವ ಬೇರೆ ತಂತ್ರಾಂಶ ಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲ ಬಳಸುವುದು ಹಾರ್ಫ್‌ಬಜ್ ಅನ್ನೋ ಮುಕ್ತ ತಂತ್ರಾಂಶವನ್ನು.

ಅದನ್ನೇ ಹೊಸ ಓಎಸ್‌ಗೆ ತಂದರಾಯಿತು ಅಲ್ವಾ? ತರಬಹುದು. ಅದಕ್ಕೆ ಆ ಓಎಸ್‌ನಲ್ಲಿ ಸಿ++ ಭಾಷೆಯ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ಇರಬೇಕು, ಹಾರ್ಫ್‌ಬಜ್ ನಂಬಿಕೊಂಡಿರುವ ಲೈಬ್ರರಿಗಳು (ಸಿದ್ಧ ಕೋಡ್‌ನ ಕಟ್ಟುಗಳು) ಇರಬೇಕು, ಫಾಂಟ್ ಬಿಡಿಸುವ ತಂತ್ರಾಂಶ ಇರಬೇಕು. ಕಿಟಕಿಗಳನ್ನು ಚಿತ್ರಿಸುವ ಭಾಗವೂ ‘ಒಂದು ಸಂಕೇತ, ಒಂದು ಅಕ್ಷರ’ ಅನ್ನೋ ಇಂಗ್ಲಿಷ್ ಲೆಕ್ಕ ಬಿಟ್ಟು ಯೋಚಿಸಬೇಕು. ಕರ್ಸರ್ ಎಲ್ಲಿ ನಿಲ್ಲಬೇಕು, ಬ್ಯಾಕ್‌ಸ್ಪೇಸ್ ಒತ್ತಿದರೆ ಏನು ಅಳಿಯಬೇಕು ಅನ್ನುವುದೂ ತೀರ್ಮಾನ ಆಗಬೇಕು. ಇಷ್ಟು ಮಾಡಿದ ಮೇಲೂ ಡಿಟಿಪಿ ಅಂಗಡಿಯವರ ಹಳೇ ಫೈಲ್‌ಗಳು ತೆರೆದುಕೊಳ್ಳುವುದಿಲ್ಲ. ಅವು ಪೇಜ್‌ಮೇಕರ್‌ನಲ್ಲಿ, ಈಗಿನ ಯೂನಿಕೋಡ್ ಸಂಕೇತ ಪದ್ಧತಿಗಿಂತ ಹಿಂದಿನ ನುಡಿ ಫಾಂಟ್‌ನಲ್ಲಿವೆ. ಆ ಫಾಂಟ್ ಇಲ್ಲದಿದ್ದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಹತ್ತಾರು ವರ್ಷದ ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರಗಳ ಮಾದರಿ ಅದರಲ್ಲಿದ್ದಾಗ ಅಂಗಡಿಯವರು ಹೊಸ ಓಎಸ್ ಹಾಕದಿರುವುದು ಸೋಮಾರಿತನ ಅಲ್ಲ. ಅದು ಸರಿಯಾದ ವ್ಯಾಪಾರದ ಲೆಕ್ಕ.

ಹೊಂದಿಕೊಂಡರೆ ಒಂದು ಕಷ್ಟ, ಹೊಂದಿಕೊಳ್ಳದಿದ್ದರೆ ಇನ್ನೊಂದು

ಹೊಸ ಓಎಸ್ ಕಟ್ಟುವವರ ದೊಡ್ಡ ಇಕ್ಕಟ್ಟು ಇಲ್ಲೇ ಶುರು. ಇದ್ದ ಪ್ರೋಗ್ರಾಂಗಳು ಬೇಕು ಅಂದರೆ ಹಳೇ ವ್ಯವಸ್ಥೆಯ ನಡವಳಿಕೆಯನ್ನು ಅನುಕರಿಸಬೇಕು. ಲಿನಕ್ಸ್‌ಗೂ ಮಾದರಿಯಾದ ಹಳೇ ಓಎಸ್ ಯುನಿಕ್ಸ್. ಅದರ ಥರದ ವ್ಯವಸ್ಥೆಗಳು ಪಾಸಿಕ್ಸ್ ಅನ್ನೋ ಮಾನದಂಡ ಪಾಲಿಸುತ್ತವೆ. ಅದನ್ನು ಪಾಲಿಸಿದರೆ ಸಾವಿರಾರು ಮುಕ್ತ ಪ್ರೋಗ್ರಾಂಗಳನ್ನು ತರಬಹುದು. ರೆಡಾಕ್ಸ್ ಇದಕ್ಕಾಗಿಯೇ ರಸ್ಟ್‌ನಲ್ಲಿ ತನ್ನದೇ ಸಿ ಲೈಬ್ರರಿ ಬರೆದುಕೊಂಡಿತು. ಗೂಗಲ್ ಕೂಡ ಫ್ಯೂಷಿಯಾ ಮೇಲೆ ಲಿನಕ್ಸ್ ಪ್ರೋಗ್ರಾಂ ಓಡಿಸಲು ಸ್ಟಾರ್ನಿಕ್ಸ್ ಅನ್ನೋ ಪದರ ಕಟ್ಟಿತು.

ಆದರೆ ಅನುಕರಣೆ ಜಾಸ್ತಿಯಾದಷ್ಟೂ ಬಳಸುವವರಿಗೆ ಹೊಸತನ ಕಾಣುವುದಿಲ್ಲ. ‘ಇದು ಲಿನಕ್ಸ್ ಥರಾನೇ ಇದೆ, ಆದರೆ ನಿಧಾನ, ವೈಫೈ ಬರಲ್ಲ’ ಅನಿಸುತ್ತದೆ. ಅನುಕರಿಸದಿದ್ದರೆ ಹೊಸತನ ಎದ್ದು ಕಾಣುತ್ತದೆ, ಆದರೆ ಓಡಿಸಲು ಪ್ರೋಗ್ರಾಂ ಇರುವುದಿಲ್ಲ. ಪ್ಲಾನ್ 9 ಎರಡನೇ ದಾರಿ ಹಿಡಿಯಿತು. ಜಾಲದಲ್ಲಿರುವ ಎಲ್ಲವನ್ನೂ ಫೈಲ್‌ನಂತೆ ಕಾಣುವ ಅದರ ಯೋಚನೆ ಇವತ್ತಿಗೂ ಸುಂದರ. ಆದರೆ ಅದರ ಹೊತ್ತಿಗೆ ಯುನಿಕ್ಸ್ ‘ಸಾಕಷ್ಟು ಚೆನ್ನಾಗಿ’ ಕೆಲಸ ಮಾಡುತ್ತಿತ್ತು. ಬದಲಾಯಿಸುವ ತೊಂದರೆಗೆ ತಕ್ಕ ಲಾಭ ಜನರಿಗೆ ಕಾಣಲಿಲ್ಲ.

ಬ್ರೌಸರ್ ಇದರ ಅತಿ ಕಠಿಣ ರೂಪ. ಇವತ್ತು ಬ್ರೌಸರ್ ಇಲ್ಲದ ಕಂಪ್ಯೂಟರ್ ಅಂದರೆ ಸುಮ್ನೆ ಒಂದು ಪೆಟ್ಟಿಗೆ. ಆಧುನಿಕ ಬ್ರೌಸರ್ ಅಂದರೆ ಅದೇ ಒಂದು ಓಎಸ್‌ನಷ್ಟು ದೊಡ್ಡದು.

ಜನ ಇಲ್ಲದ ಸಂತೆ

ಜನ ಬರದ ಸಂತೆಗೆ ವ್ಯಾಪಾರಿ ಬರುವುದಿಲ್ಲ, ವ್ಯಾಪಾರಿ ಇಲ್ಲದ ಸಂತೆಗೆ ಜನ ಬರುವುದಿಲ್ಲ. ಆ್ಯಪ್ ಬರೆಯುವವರು ಬಳಕೆದಾರರನ್ನು ಎಣಿಸುತ್ತಾರೆ, ಬಳಕೆದಾರರು ಆ್ಯಪ್‌ಗಳನ್ನು ಎಣಿಸುತ್ತಾರೆ. ಹಣವಿದ್ದವರೂ ಈ ಸುತ್ತು ಮುರಿಯಲು ಹೋಗಿ ಸೋತಿದ್ದಾರೆ. ವಿಂಡೋಸ್ ಫೋನ್‌ಗಾಗಿ ಮೈಕ್ರೋಸಾಫ್ಟ್ ನೋಕಿಯಾದ ಫೋನ್ ವ್ಯವಹಾರವನ್ನೇ ಕೊಂಡಿತು. 2015ರಲ್ಲಿ ಅದಕ್ಕೆ ಸಂಬಂಧಿಸಿ 760 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ನಮ್ಮ ಹಳ್ಳಿಗಳಿಗೆ ಹತ್ತಿರದ ಉದಾಹರಣೆ ಜಿಯೋಫೋನ್. ಮೊಜಿಲ್ಲಾ 2013ರಲ್ಲಿ ಫೈರ್‌ಫಾಕ್ಸ್ ಓಎಸ್ ಫೋನ್‌ಗಳನ್ನು ತಂದಿತು. 2014ರಲ್ಲಿ ಇಂಟೆಕ್ಸ್ ಅದನ್ನು ಇಲ್ಲಿ 1,999 ರೂಪಾಯಿಗೆ ಮಾರಿತು. ಕೆಳಗೆ ಲಿನಕ್ಸ್ ಕರ್ನಲ್ಲೇ ಇತ್ತು, ಆದರೆ ಆ್ಯಪ್ ವ್ಯವಸ್ಥೆ ಪೂರ್ತಿ ಹೊಸದು. ವಾಟ್ಸಾಪ್ ಇರಲಿಲ್ಲ. 2015ರ ಕೊನೆಗೆ ಮೊಜಿಲ್ಲಾ ಫೋನ್ ಯೋಜನೆಯಿಂದ ಹಿಂದೆ ಸರಿಯಿತು. ಅದೇ ಕೋಡ್‌ನಿಂದ ಕೈಓಎಸ್ ಹುಟ್ಟಿ, 2017ರಲ್ಲಿ 1,500 ರೂಪಾಯಿ ಠೇವಣಿಯ ಜಿಯೋಫೋನ್‌ನೊಳಗೆ ಸೇರಿತು. ಜನರು ಓಎಸ್ ನೋಡಿ ಕೊಳ್ಳಲಿಲ್ಲ. ಫೋನು, ಸಿಮ್ಮು, ಅಗ್ಗದ ಡೇಟಾ ಒಟ್ಟಿಗೆ ಬಂತು ಅಂತ ಕೊಂಡರು. ಬಳಕೆದಾರರು ಬಂದ ಮೇಲೆ ಆ್ಯಪ್‌ಗಳು ಬಂದವು: 2018ರ ಜೂನ್‌ನಲ್ಲಿ ಗೂಗಲ್ ಕೈಓಎಸ್‌ನಲ್ಲಿ 2.2 ಕೋಟಿ ಡಾಲರ್ ಹೂಡಿತು, ಸೆಪ್ಟೆಂಬರ್‌ಗೆ ವಾಟ್ಸಾಪ್ ಬಂತು. ಅಂದರೆ ಸುತ್ತು ಮುರಿದದ್ದು ತಂತ್ರಜ್ಞಾನ ಅಲ್ಲ, ಒಂದು ಟೆಲಿಕಾಂ ಕಂಪನಿಯ ವಿತರಣೆ. ಅಂಥ ಬೆನ್ನೆಲುಬು ಪ್ರಾಯೋಗಿಕ ಓಎಸ್‌ಗಳಿಗೆ ಇರುವುದಿಲ್ಲ.

ಪಿತೂರಿಯ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಬೇಕು. ಒಂದಷ್ಟು ಅಡ್ಡಗಾಲು ನಿಜವಾಗಿಯೂ ಇತ್ತು. 1990ರ ದಶಕದ ಕೊನೆಗೆ ಹಿಟಾಚಿ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಜೊತೆ ಬಿಓಎಸ್ ಕೂಡ ಹಾಕಿ ಕೊಟ್ಟಿದ್ದರು. ಆದರೆ ಯಂತ್ರ ಶುರುವಾಗುವಾಗ ಅದನ್ನು ಆರಿಸಿಕೊಳ್ಳುವ ಮೆನು ಕಾಣುತ್ತಿರಲಿಲ್ಲ. ಇದಕ್ಕೆ ಮೈಕ್ರೋಸಾಫ್ಟ್‌ನ ಲೈಸೆನ್ಸ್ ಷರತ್ತೇ ಕಾರಣ ಅನ್ನುವುದು ಬಿಓಎಸ್ ಮಾಡಿದ ‘ಬಿ’ ಕಂಪನಿಯ ದೂರು. ಕೊನೆಗೆ 2001ರಲ್ಲಿ ಪಾಮ್ ಕಂಪನಿ ಬಿಯ ತಂತ್ರಜ್ಞಾನವನ್ನು 1.1 ಕೋಟಿ ಡಾಲರ್‌ಗೆ ಕೊಂಡಿತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳದೆ, ಸುಮಾರು 2.3 ಕೋಟಿ ಡಾಲರ್ ಕೊಟ್ಟು ‘ಬಿ’ ಹೂಡಿದ್ದ ಮೊಕದ್ದಮೆ ಮುಗಿಸಿಕೊಂಡಿತು. ತಂತ್ರಜ್ಞಾನ ಮಾರಿದ್ದಕ್ಕಿಂತ ಮೊಕದ್ದಮೆಯಿಂದಲೇ ಜಾಸ್ತಿ ಹಣ ಬಂತು.

ಬರೆಯುವವರು ಯಾಕೆ ಉಳಿಯುವುದಿಲ್ಲ

ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುವಿನ ಕೇಂದ್ರ ಇರುವುದು ಬೆಳಗಾವಿಯ ಜ್ಞಾನಸಂಗಮದಲ್ಲೇ. ಅದರಡಿಯ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಎರಡನೇ ವರ್ಷದಲ್ಲೇ ಆಪರೇಟಿಂಗ್ ಸಿಸ್ಟಮ್ ವಿಷಯ ಓದುತ್ತಾರೆ. ಷೆಡ್ಯೂಲಿಂಗ್, ಡೆಡ್‌ಲಾಕ್, ಪೇಜಿಂಗ್ ಎಲ್ಲ ಬರುತ್ತದೆ. ಆದರೂ ಕ್ಯಾಂಪಸ್ ಸಂದರ್ಶನದಲ್ಲಿ ಕೇಳುವುದು ಜಾವಾ, ಪೈಥಾನ್, ಕ್ಲೌಡ್. ಹೈಕುಗೆ ಡ್ರೈವರ್ ಬರೆದ ಹುಡುಗಿಯ ಕೆಲಸ ಎಷ್ಟು ಕಷ್ಟದ್ದು ಅಂತ ಅಳೆಯುವವರು ಆ ಟೇಬಲ್‌ನ ಎದುರು ಇರುವುದು ಅಪರೂಪ. ಅದೇ ಶ್ರಮವನ್ನು ಲಿನಕ್ಸ್‌ಗೆ ಹಾಕಿದರೆ ಬೆಂಗಳೂರಿನ ಚಿಪ್ ಕಂಪನಿಯಲ್ಲಿ ಕೆಲಸ ಸಿಗುವ ಸಾಧ್ಯತೆ ಇದೆ. ಅವಳು ಲಿನಕ್ಸ್ ಆರಿಸಿಕೊಂಡರೆ ತಪ್ಪು ಅಂತ ಹೇಳಲು ಆಗುತ್ತದಾ?

ಉತ್ಸಾಹದಿಂದ ಬಂದವರೂ ಶುರುವಿನ ರುಚಿ ಮುಗಿದ ಮೇಲೆ ತೆಳ್ಳಗಾಗುತ್ತಾರೆ. ಯಾವ ಪ್ರೋಗ್ರಾಂಗೆ ಪ್ರೊಸೆಸರ್ ಯಾವಾಗ ಅಂತ ತೀರ್ಮಾನಿಸುವ ಷೆಡ್ಯೂಲರ್ ಬರೆಯುವುದು ಖುಷಿ. ಯಾವುದೋ ಒಂದು ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಧ್ವನಿ ಯಾಕೆ ಬರುವುದಿಲ್ಲ ಅಂತ ಮೂರು ವಾರ ಹುಡುಕುವುದು ಖುಷಿ ಅಲ್ಲ. ಜೊತೆಗೆ, ಹೊಸದಾಗಿ ಕಟ್ಟುವವರಿಗೆ ಮತ್ತೆ ಮತ್ತೆ ಬುನಾದಿ ಅಗೆಯುವ ಆಸೆ. ಗ್ನೂ ಹರ್ಡ್ ಶುರುವಾದ ಮರುವರ್ಷ, 1991ರಲ್ಲಿ, ಲಿನಕ್ಸ್ ಬಂತು. ಸರಳವಾಗಿತ್ತು, ಬೇಗ ಓಡಿತು, ಜನ ಅಲ್ಲಿಗೆ ಹೋದರು. ಹರ್ಡ್ ತಂಡ ನಡುವೆ ತನ್ನ ಕೆಳಗಿನ ಮೈಕ್ರೋಕರ್ನಲ್ (ತೀರಾ ಅಗತ್ಯದ ಕೆಲಸವಷ್ಟೇ ಇಟ್ಟುಕೊಂಡ ಪುಟ್ಟ ಕರ್ನಲ್) ಅನ್ನೇ ಬದಲಿಸುವ ಪ್ರಯತ್ನಗಳಲ್ಲಿ ವರ್ಷಗಳನ್ನು ಕಳೆಯಿತು. ಹೈಕು ತನ್ನ ಮೊದಲ ಬೀಟಾ ತಲುಪಿದ್ದು 2018ರಲ್ಲಿ, ಶುರುವಾಗಿ ಹದಿನೇಳು ವರ್ಷಕ್ಕೆ.

ಎಲ್ಲಕ್ಕಿಂತ ಸ್ಪಷ್ಟವಾಗಿ ಪಾಠ ಹೇಳುವುದು ಸೆರೆನಿಟಿ. ಆಂಡ್ರಿಯಾಸ್ ಕ್ಲಿಂಗ್ 2018ರಲ್ಲಿ ಇದನ್ನು ಒಬ್ಬರೇ ಶುರುಮಾಡಿದರು. ನೂರಾರು ಜನ ಸೇರಿದರು. ಓಎಸ್‌ಗೆ ಬೇಕು ಅಂತ ಅದರೊಳಗೇ ಲೇಡಿಬರ್ಡ್ ಅನ್ನೋ ಬ್ರೌಸರ್ ಬರೆದರು. ಆ ಬ್ರೌಸರ್ ಲಿನಕ್ಸ್ ಮೇಲೂ ಓಡಲು ಶುರುವಾದ ಮೇಲೆ ಗಮನ ಅತ್ತ ಹರಿಯಿತು. 2024ರ ಜೂನ್‌ನಲ್ಲಿ ಕ್ಲಿಂಗ್ ಸೆರೆನಿಟಿಯ ಮುಂದಾಳತ್ವ ಬಿಟ್ಟು ಬ್ರೌಸರ್ ಹಿಡಿದರು. ಸ್ವಲ್ಪ ದಿನಕ್ಕೇ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಸಂಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ವಾನ್‌ಸ್ಟ್ರಾತ್ 10 ಲಕ್ಷ ಡಾಲರ್ ಕೊಡುವುದಾಗಿ ಹೇಳಿದರು. ಹೊಸ ಲೇಡಿಬರ್ಡ್ ಯೋಜನೆ ಸೆರೆನಿಟಿಯನ್ನು ತನ್ನ ಗುರಿಗಳ ಪಟ್ಟಿಯಿಂದಲೇ ಕೈಬಿಟ್ಟಿತು. ಹೆತ್ತ ಓಎಸ್‌ಗೆ ಸಿಗದ ಹಣ ಅದರ ಬ್ರೌಸರ್‌ಗೆ ಸಿಕ್ಕಿತು. ಕಾರಣ ಸರಳ: ಬ್ರೌಸರ್ ಬಳಸಲು ಯಾರೂ ತಮ್ಮ ಕಂಪ್ಯೂಟರ್‌ನಲ್ಲಿರುವುದನ್ನೆಲ್ಲ ಅಳಿಸಿ ಮತ್ತೆ ಕಟ್ಟಬೇಕಿಲ್ಲ.

ಹಣ ಹಾಕುವವರ ಲೆಕ್ಕ

ಹೂಡಿಕೆದಾರರು ಕೇಳುವ ಮೊದಲ ಪ್ರಶ್ನೆ, ಗಳಿಕೆ ಎಲ್ಲಿಂದ ಅಂತ. ಓಎಸ್‌ಗೆ ಬೆಲೆ ಕೊಡುವ ಅಭ್ಯಾಸ ಜನರಿಗೆ ಹೋಗಿದೆ. ಆಂಡ್ರಾಯ್ಡ್ ಫೋನ್ ಜೊತೆ ಬರುತ್ತದೆ, ಲಿನಕ್ಸ್ ಉಚಿತ, ವಿಂಡೋಸ್‌ನ ಬೆಲೆ ಲ್ಯಾಪ್‌ಟಾಪ್‌ನ ಬಿಲ್‌ನೊಳಗೇ ಮುಚ್ಚಿರುತ್ತದೆ. ಸ್ಟಾರ್ಟಪ್ ಹಣಕ್ಕೆ ಏಳೆಂಟು ವರ್ಷದಲ್ಲಿ ಫಲ ಬೇಕು. ಓಎಸ್ ಗಟ್ಟಿಯಾಗಲು ಅಷ್ಟೇ ಸಮಯ ಬೇಕು, ಮಾರುಕಟ್ಟೆ ಅದರ ನಂತರದ ಮಾತು. ಜನರಿಂದಲೇ ಹಣ ಎತ್ತೋಣ ಅಂತ 2013ರಲ್ಲಿ ಉಬುಂಟು ಎಡ್ಜ್ ಫೋನ್‌ಗಾಗಿ ಉಬುಂಟುವಿನ ಹಿಂದಿರುವ ಕೆನಾನಿಕಲ್ ಕಂಪನಿ 3.2 ಕೋಟಿ ಡಾಲರ್ ಕೇಳಿತು. 1.28 ಕೋಟಿಯಷ್ಟು ಭರವಸೆ ಬಂತು. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ, ಆದರೆ ಗುರಿ ಮುಟ್ಟದ ಕಾರಣ ಫೋನ್ ಬರಲೇ ಇಲ್ಲ.

ದೊಡ್ಡ ಕಂಪನಿಯ ಹಣವೂ ಭದ್ರವಲ್ಲ. ಫ್ಯೂಷಿಯಾ ಕೋಡ್ 2016ರಲ್ಲಿ ಹೊರಜಗತ್ತಿಗೆ ಕಂಡಿತು. 2021ರಲ್ಲಿ ಗೂಗಲ್‌ನ ನೆಸ್ಟ್ ಹಬ್ ಅನ್ನೋ ಮನೆಯ ಪರದೆಗೆ ಇಳಿಯಿತು. 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ತೆಗೆದಾಗ ಆ ತಂಡದಿಂದಲೂ ಒಂದಷ್ಟು ಜನ ಹೊರಬಿದ್ದರು. ಕಂಪನಿಯಲ್ಲಿ ಆಗಲೇ ಆಂಡ್ರಾಯ್ಡ್ ದುಡಿಯುತ್ತಿರುವಾಗ, ಅದರ ಜಾಗಕ್ಕೆ ಬರಬಹುದಾದ ಯೋಜನೆ ಯಾವಾಗಲೂ ಖರ್ಚಿನ ಪಟ್ಟಿಯಲ್ಲೇ ಕಾಣುತ್ತದೆ.

ಸರ್ಕಾರಿ ಸಂಶೋಧನೆಯ ಕಥೆ ನನ್ನ ಮಟ್ಟಿಗೆ ಇನ್ನೂ ಬೇಸರದ್ದು. ಎಸ್‌ಇಎಲ್4 ಕರ್ನಲ್ ಸುಮಾರು 8,700 ಸಾಲಿನ ಸಿ ಕೋಡ್. ಅದು ತನ್ನ ವಿವರಣೆಯಲ್ಲಿ ಹೇಳಿದಂತೆಯೇ ನಡೆಯುತ್ತದೆ ಅಂತ 2009ರಲ್ಲಿ ಗಣಿತದ ಮೂಲಕ ಸಾಬೀತು ಮಾಡಿದರು. ಆ ಸಾಬೀತೇ ಸುಮಾರು 2 ಲಕ್ಷ ಸಾಲು. ಜಗತ್ತಿನಲ್ಲಿ ಅಂಥದ್ದು ಅದಕ್ಕೆ ಮೊದಲು ಇರಲಿಲ್ಲ. 2021ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಓ ಆ ತಂಡವನ್ನು ಕೈಬಿಟ್ಟಿತು. ಅದರ ನಂತರ ಕಂಪ್ಯೂಟರ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ಎಸಿಎಂನಿಂದ 2022ರ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಇದೇ ಕೆಲಸಕ್ಕೆ ಬಂತು. ಸಂಶೋಧನೆಗೆ ಕೊಡುವ ಹಣ ‘ಹೊಸದನ್ನು ಕಂಡುಹಿಡಿ’ ಅನ್ನುತ್ತದೆ. ಕಂಡುಹಿಡಿದದ್ದನ್ನು ಹತ್ತು ವರ್ಷ ನೋಡಿಕೊಳ್ಳಲು ಅದರಲ್ಲಿ ಜಾಗವೇ ಇರುವುದಿಲ್ಲ.

ಉಳಿಯುವುದು ಸಣ್ಣ ಹಣ. ನೆದರ್‌ಲ್ಯಾಂಡ್ಸ್‌ನ ಎನ್‌ಎಲ್‌ನೆಟ್ ಪ್ರತಿಷ್ಠಾನ ಸಾಮಾನ್ಯವಾಗಿ 5,000ದಿಂದ 50,000 ಯೂರೋವರೆಗಿನ ಅನುದಾನ ಕೊಡುತ್ತದೆ, ರೆಡಾಕ್ಸ್‌ಗೂ ಕೊಟ್ಟಿದೆ. ಹೈಕು ದೇಣಿಗೆಯಿಂದ 2021ರಲ್ಲಿ ಒಬ್ಬ ಡೆವಲಪರ್‌ನನ್ನು ಗುತ್ತಿಗೆ ಮೇಲೆ ಇಟ್ಟುಕೊಳ್ಳುವಷ್ಟಾಯಿತು. ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿ ಘೋಷಿಸಿತು. ಒಳ್ಳೆಯ ಹೆಜ್ಜೆ. ಆದರೆ ಈಗಾಗಲೇ ಎಲ್ಲರೂ ಬಳಸುವ, ನೋಡಿಕೊಳ್ಳುವವರಿಲ್ಲದ ತಂತ್ರಾಂಶಗಳೇ ಇಂಥ ನಿಧಿಗಳ ಮುಂದೆ ಸಾಲುಗಟ್ಟಿವೆ. ಯಾರೂ ಬಳಸದ ಓಎಸ್ ಸಾಲಿನ ಕೊನೆಗೇ ನಿಲ್ಲುತ್ತದೆ.

‘ಲಿನಕ್ಸ್ ಇದೆಯಲ್ಲ, ಸಾಕು’

ಇಲ್ಲಿ ಎರಡು ವಾದಗಳಿವೆ, ಎರಡೂ ತೂಕದವು. ಇರುವ ಜನ ಇಷ್ಟೇ, ಇರುವ ಹಣ ಇಷ್ಟೇ, ಎಲ್ಲವನ್ನೂ ಲಿನಕ್ಸ್‌ಗೇ ಹಾಕಿ ಅನ್ನುವುದು ಒಂದು. ಅದಕ್ಕೆ ಪುರಾವೆಯೂ ಇದೆ. ಕೇರಳ ತನ್ನ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ತಂದು, ಶಿಕ್ಷಕರಿಗೆ ತರಬೇತಿ ಕೊಟ್ಟು, ವರ್ಷಗಟ್ಟಲೆ ನಡೆಸಿಕೊಂಡು ಬಂದಿದೆ. ಹೊಸ ಕರ್ನಲ್‌ಗಾಗಿ ಕಾದಿದ್ದರೆ ಅದು ಆಗುತ್ತಿರಲಿಲ್ಲ. ಲಿನಕ್ಸ್ ಕೂಡ ನಿಂತ ನೀರಲ್ಲ. 2022ರ ಡಿಸೆಂಬರ್‌ನ 6.1 ಆವೃತ್ತಿಯಿಂದ ಅದರೊಳಗೆ ರಸ್ಟ್ ಭಾಷೆಗೂ ಬಾಗಿಲು ತೆರೆದಿದೆ.

ಇನ್ನೊಂದು ವಾದ, ಇವತ್ತಿನ ದೊಡ್ಡ ಓಎಸ್‌ಗಳ ಬುನಾದಿಯಲ್ಲೇ ದೋಷ ಇದೆ ಅನ್ನುವುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಆ ತಂತ್ರಾಂಶ ಓಡುತ್ತಿದ್ದದ್ದು ಕರ್ನಲ್‌ನೊಳಗೆ, ಹಾಗಾಗಿ ಅದು ಬಿದ್ದರೆ ಎಲ್ಲವೂ ಬೀಳುತ್ತದೆ. ಮೈಕ್ರೋಕರ್ನಲ್ ವಿನ್ಯಾಸದಲ್ಲಿ ಡ್ರೈವರ್‌ಗಳನ್ನು ಹೊರಗಿಡುತ್ತಾರೆ. ಒಂದು ಡ್ರೈವರ್ ಬಿದ್ದರೆ ಅದನ್ನಷ್ಟೇ ಮತ್ತೆ ಎಬ್ಬಿಸಬಹುದು. ತನ್ನ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿ ನಿರ್ವಹಣೆಯ ತಪ್ಪುಗಳಿಂದ ಬಂದವು ಅಂತ ಮೈಕ್ರೋಸಾಫ್ಟೇ 2019ರಲ್ಲಿ ಹೇಳಿತ್ತು. ಇಂಥ ತಪ್ಪಿಗೆ ಎಡೆ ಕೊಡದ ಭಾಷೆಯಲ್ಲಿ ಬುಡದಿಂದ ಬರೆದರೆ ಏನಾಗುತ್ತದೆ ಅಂತ ನೋಡಲು ಯಾರಾದರೂ ಬರೆಯಲೇಬೇಕು.

ಇವೆರಡರ ಜೊತೆ ಕೇಳಿಬರುವುದು ದೇಶದ ಸ್ವಾವಲಂಬನೆಯ ಮಾತು. ಚೀನಾದ ಹುವಾವೇ ಕಂಪನಿಯನ್ನು ತೋರಿಸಿ ‘ಅವರು ಮಾಡಲಿಲ್ವಾ’ ಅನ್ನುತ್ತಾರೆ. ಮಾಡಿದರು. 2019ರ ಮೇ ತಿಂಗಳಲ್ಲಿ ಅಮೆರಿಕ ನಿರ್ಬಂಧ ಹಾಕಿತು, ಆಗಸ್ಟ್‌ನಲ್ಲಿ ಹಾರ್ಮನಿಓಎಸ್ ಘೋಷಣೆಯಾಯಿತು. ಆದರೆ ಆಂಡ್ರಾಯ್ಡ್ ಆ್ಯಪ್‌ಗಳ ಹಂಗು ಪೂರ್ತಿ ಬಿಟ್ಟ ಆವೃತ್ತಿ ಬಂದದ್ದು 2024ರಲ್ಲಿ. ಐದು ವರ್ಷ ಆಂಡ್ರಾಯ್ಡ್ ಆ್ಯಪ್‌ಗಳನ್ನು ಓಡಿಸಿಕೊಂಡೇ ಜನರನ್ನು ಉಳಿಸಿಕೊಂಡರು. ಅದರ ಹಿಂದೆ ಒಂದು ದೈತ್ಯ ಫೋನ್ ಕಂಪನಿ ಮತ್ತು ಚೀನಾದಷ್ಟು ದೊಡ್ಡ ಮಾರುಕಟ್ಟೆ ಇತ್ತು. ಇವೆರಡೂ ಇಲ್ಲದೆ ಬರೀ ಘೋಷಣೆಯಿಂದ ಅದು ಆಗುವುದಿಲ್ಲ.

ಓಎಸ್ ಬಳಕೆಗೆ ಬರದಿದ್ದರೂ

ನನಗೆ ಮೊದಲ ವಾದದಲ್ಲಿ ಒಪ್ಪಿಗೆಯಾಗದ ಒಂದು ಅಂಶ ಇದೆ. ಅದು ಓಎಸ್‌ನ ಬೆಲೆಯನ್ನು ಬಳಕೆದಾರರ ತಲೆಯೆಣಿಕೆಯಿಂದ ಅಳೆಯುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್, ಜಗತ್ತಿನ ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್-8 ಅನ್ನೋ ಸಂಕೇತ ಪದ್ಧತಿ ರೂಪಿಸಿದರು. ಅದು ಮೊದಲು ಬಳಕೆಗೆ ಬಂದದ್ದು ಎಲ್ಲಿ? ಪ್ಲಾನ್ 9ರಲ್ಲಿ. ನೀವು ಈಗ ಓದುತ್ತಿರುವ ಕನ್ನಡದ ಪ್ರತಿ ಸಂಕೇತವೂ ಅಂತರಜಾಲದಲ್ಲಿ ಸಾಮಾನ್ಯವಾಗಿ ಆ ಪದ್ಧತಿಯಲ್ಲೇ, ಮೂರು ಮೂರು ಬೈಟ್ ಆಗಿ ಹರಿಯುತ್ತದೆ. ಪ್ಲಾನ್ 9 ಬಳಸಿದವರು ಬೆಳಗಾವಿಯಲ್ಲಿ ಬಹುಶಃ ಯಾರೂ ಇಲ್ಲ. ಅದರ ಫಲ ಉಣ್ಣದವರೂ ಇಲ್ಲ.

ಇನ್ನೂ ಇವೆ. ಪಾಠಕ್ಕೆಂದು 1987ರಲ್ಲಿ ಆಂಡ್ರ್ಯೂ ಟಾನೆನ್‌ಬಾಮ್ ಬರೆದ ಮಿನಿಕ್ಸ್‌ನ ಮುಂದಿನ ರೂಪ ಇಂಟೆಲ್ ಚಿಪ್‌ಸೆಟ್‌ಗಳ ಒಳಗಿನ ನಿರ್ವಹಣಾ ಭಾಗದಲ್ಲಿ ಓಡುತ್ತಿದೆ ಅಂತ 2017ರಲ್ಲಿ ಬಯಲಾಯಿತು. ಎಸ್‌ಇಎಲ್4 ಕೂಡ ಸೇರಿರುವ ಎಲ್4 ಕುಟುಂಬದ ಕರ್ನಲ್ ಐಫೋನ್‌ನ ಬೆರಳಚ್ಚು ಕಾಯುವ ಚಿಪ್‌ನಲ್ಲಿದೆ. ಲಾಭ ಬಂದದ್ದು ಬೇರೆಯವರಿಗೆ, ಬೇರೆ ಕಾಲದಲ್ಲಿ. ಖರ್ಚು ಮಾಡಿದವರಿಗೆ ವಾಪಸು ಬರಲಿಲ್ಲ. ಹೂಡಿಕೆದಾರರು ದೂರ ನಿಲ್ಲುವುದು ಇದಕ್ಕೇ, ಮತ್ತು ಸಾರ್ವಜನಿಕ ಹಣ ಹತ್ತಿರ ಬರಬೇಕಾದದ್ದೂ ಇದಕ್ಕೇ.

ಮುಂದೆ ಏನಾಗಬಹುದು

ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ವಿಂಡೋಸ್ ಜಾಗಕ್ಕೆ ಹೊಸ ಕರ್ನಲ್‌ನ ಓಎಸ್ ಬರುವ ಲಕ್ಷಣ ಹತ್ತಿರದಲ್ಲಿ ಇಲ್ಲ. ವಿಂಡೋಸ್ 10 ಬಿಡಬೇಕಾದವರಿಗೆ ನಿಜವಾದ ಆಯ್ಕೆ ಲಿನಕ್ಸ್. ಅದೂ ಕೆಲಸ ಬಹುಪಾಲು ಬ್ರೌಸರ್‌ನಲ್ಲೇ ಆಗುವುದಾದರೆ. ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ ಇದ್ದವರು ಮೊದಲು ಆ ಮಾರಾಟಗಾರರನ್ನೇ ಕೇಳಿ ಹೆಜ್ಜೆ ಇಡುವುದು ಒಳ್ಳೆಯದು. ಸಿಎನ್‌ಸಿ ಪಕ್ಕದ ಹಳೇ ಕಂಪ್ಯೂಟರ್ ಸೀರಿಯಲ್ ಕೇಬಲ್‌ನಲ್ಲಿ ಪ್ರೋಗ್ರಾಂ ಕಳಿಸುವುದಷ್ಟೇ ಮಾಡುತ್ತಿದ್ದರೆ, ಅದನ್ನು ಇಂಟರ್ನೆಟ್‌ನಿಂದ ಬಿಡಿಸಿ, ಪೆನ್‌ಡ್ರೈವ್ ಬಳಕೆ ಬಿಗಿಮಾಡಿ ಹಾಗೇ ಓಡಿಸಬಹುದು.

ಹೊಸ ಓಎಸ್‌ಗಳಿಗೆ ಬಾಗಿಲು ತೆರೆಯುವುದು ಬೇರೆ ಕಡೆ: ಆ್ಯಪ್ ಅಂಗಡಿಯೇ ಬೇಕಿಲ್ಲದ ಯಂತ್ರಗಳಲ್ಲಿ. ಡ್ರೋನ್, ವಾಹನದ ನಿಯಂತ್ರಕ, ಹೈಡ್ರಾಲಿಕ್ ಕವಾಟ ನಡೆಸುವ ಪೆಟ್ಟಿಗೆ. ಅಲ್ಲಿ ಡ್ರೈವರ್‌ಗಳು ಹತ್ತೋ ಇಪ್ಪತ್ತೋ, ಬ್ರೌಸರ್ ಬೇಡ, ಕೆಟ್ಟರೆ ಆಗುವ ನಷ್ಟ ಮಾತ್ರ ದೊಡ್ಡದು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಯೋಜನೆಯೊಂದರಲ್ಲಿ ಬೋಯಿಂಗ್‌ನ ಪೈಲಟ್ ಇಲ್ಲದ ಹೆಲಿಕಾಪ್ಟರ್ ಮೇಲೆ ಎಸ್‌ಇಎಲ್4 ಓಡಿಸಿ ತೋರಿಸಿದ್ದು ಇಂಥ ಕಡೆಯೇ. ಹೈಡ್ರಾಲಿಕ್ಸ್, ಎರಕ, ವಿಮಾನದ ಬಿಡಿಭಾಗ ಮಾಡುವ ಬೆಳಗಾವಿಗೆ ಈ ಕ್ಷೇತ್ರ ಡೆಸ್ಕ್‌ಟಾಪ್‌ಗಿಂತ ಹತ್ತಿರದ್ದು. ಐಐಟಿ ಮದ್ರಾಸ್‌ನ ಶಕ್ತಿ ಪ್ರೊಸೆಸರ್ ಕಟ್ಟಿರುವುದು ಆರ್‌ಐಎಸ್‌ಸಿ-ವಿ ಅನ್ನೋ ಮುಕ್ತ ವಿನ್ಯಾಸದ ಮೇಲೆ. ಅದರಂಥ ಚಿಪ್‌ಗಳು ಬೋರ್ಡ್‌ಗಳಲ್ಲಿ ಅಗ್ಗವಾಗಿ ಸಿಕ್ಕಷ್ಟೂ ವಿದ್ಯಾರ್ಥಿಗಳಿಗೆ ಪೂರ್ತಿ ವಿವರ ಗೊತ್ತಿರುವ ಯಂತ್ರ ಕೈಗೆ ಬರುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಇಡೀ ಓಎಸ್ ಬರೆಯಬೇಕಿಲ್ಲ. ಹೈಕುವಿನಲ್ಲೋ ರೆಡಾಕ್ಸ್‌ನಲ್ಲೋ ಕನ್ನಡದ ಒತ್ತಕ್ಷರಗಳು ಎಲ್ಲೆಲ್ಲಿ ಒಡೆಯುತ್ತವೆ ಅಂತ ಪರೀಕ್ಷಿಸಿ, ಚಿತ್ರ ಸಮೇತ ದೋಷ ವರದಿ ಕೊಡುವುದೇ ಒಂದು ಸೆಮಿಸ್ಟರ್‌ನ ಕೆಲಸ. ಒಂದು ಬೋರ್ಡ್‌ನ ಒಂದೇ ಡ್ರೈವರ್ ಬರೆದು ಮೂಲ ಯೋಜನೆಯವರು ಒಪ್ಪಿಕೊಳ್ಳುವ ಮಟ್ಟಕ್ಕೆ ತರುವುದು ಇನ್ನೊಂದು. ಈಗ ಪ್ರಾಜೆಕ್ಟ್‌ಗೆ ಅಂಕ ಸಿಗುವುದು ವೈವಾ ದಿನ ಓಡಿದರೆ. ಒಪ್ಪಿಗೆಯಾದ ಕೋಡ್‌ಗೂ ಅಂಕ ಇರಲಿ, ಹಿಂದಿನ ಬ್ಯಾಚಿನವರ ಡ್ರೈವರನ್ನು ಸರಿಪಡಿಸಿ ಮುಂದುವರಿಸಿದವರಿಗೂ ಇರಲಿ. ವಿಶ್ವವಿದ್ಯಾಲಯದ ಮಟ್ಟದಲ್ಲಿ ಇದೊಂದು ನಿಯಮ ಬದಲಾದರೆ, ವರ್ಷ ವರ್ಷವೂ ಹೊಸ ಕೈಗಳು ಒಂದೇ ಕೋಡ್ ಮೇಲೆ ಬೀಳುತ್ತವೆ. ಅದಕ್ಕೆ ಹೂಡಿಕೆದಾರರ ದಾರಿ ಕಾಯಬೇಕಿಲ್ಲ.